ಮೂಳೆಗೆ ಹೆಸರು ಕೊಟ್ಟ ವಿದ್ಯಾರ್ಥಿಗಳು

'ಕಾಣೆ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅದು ಉತ್ತಮ ಪುರುಷದ ನಿಷೇಧರೂಪ. 'ನಾನು ಕಾಣೆನು', ಅಂದರೆ ನನ್ನ ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ಮನೆಯವರೊಬ್ಬರು ಕಾಣೆಯಾದರು ಎನ್ನುವಾಗ ಆ ಪದದಲ್ಲಿ ಹೋದವರ ಸಂಗತಿಗಿಂತ ಹುಡುಕುವವರ ದನಿಯೇ ಹೆಚ್ಚಾಗಿ ಕೇಳುತ್ತದೆ. ಆ ದನಿ ಒಂದು ದೇಶದ ಚರಿತ್ರೆಯನ್ನೇ ತುಂಬಿದ್ದುಂಟು. ಆ ದೇಶ ದಕ್ಷಿಣ ಅಮೆರಿಕದ ಅರ್ಜೆಂಟೀನಾ. ಅಲ್ಲಿ ಕೆಲವು ವಿದ್ಯಾರ್ಥಿಗಳು ಒಬ್ಬ ಗುರುವಿನ ಬಳಿ ಮೂಳೆಗಳನ್ನು ಓದಲು ಕಲಿತು, ಕಾಣೆಯಾದವರಿಗೆ ಅವರ ಹೆಸರನ್ನು ಹಿಂದಿರುಗಿಸಿದ ವೃತ್ತಾಂತ ಇದು.

1976ನೆಯ ಇಸವಿ ಮಾರ್ಚ್ 24ರಂದು ಅಲ್ಲಿಯ ಸೇನಾನಾಯಕರು ಅಂದಿನ ಸರ್ಕಾರವನ್ನು ಉರುಳಿಸಿ ಅಧಿಕಾರವನ್ನು ಕೈಗೆ ತೆಗೆದುಕೊಂಡರು. ಏಳು ವರ್ಷಕ್ಕೂ ಮಿಕ್ಕಿ ನಡೆದ ಆ ಆಳ್ವಿಕೆಯಲ್ಲಿ ವಿದ್ಯಾರ್ಥಿಗಳನ್ನು, ಕಾರ್ಮಿಕರನ್ನು, ವಕೀಲರನ್ನು, ಗರ್ಭಿಣಿಯರನ್ನು ಸಹ ಹಿಡಿದೊಯ್ದು ಗುಪ್ತ ಸೆರೆಮನೆಗಳಲ್ಲಿ ಇರಿಸಿದರು. ಠಾಣೆಗೆ ಹೋಗಿ ಕೇಳಿದರೆ, ಅಂಥವರು ಯಾರೂ ಇಲ್ಲಿಲ್ಲ ಎಂಬುದೇ ಉತ್ತರ. ಕೊಂದವರನ್ನು ಸ್ಮಶಾನದ ಮೂಲೆಯಲ್ಲಿ ಹೂಳಿ ದಾಖಲೆಯಲ್ಲಿ 'ಎನ್. ಎನ್.', ಅಂದರೆ ಹೆಸರು ತಿಳಿಯದು, ಎಂದು ಬರೆದರು. ಇನ್ನು ಕೆಲವರನ್ನು ವಿಮಾನದಿಂದ ಕಡಲಿಗೆ ಎಸೆದರು.

1977ರ ಏಪ್ರಿಲ್‌ನಲ್ಲಿ ಕೆಲವು ತಾಯಂದಿರು ರಾಜಧಾನಿ ಬ್ಯೂನಸ್ ಐರಿಸ್‌ನ ಮೇ ಚೌಕದಲ್ಲಿ ಸೇರಿ, ನಮ್ಮ ಮಕ್ಕಳೆಲ್ಲಿ ಎಂದು ಕೇಳತೊಡಗಿದರು. ಅದೇ ವರ್ಷ ಅಜ್ಜಿಯರದೂ ಒಂದು ಸಂಘವಾಯಿತು. ಸೆರೆಯಲ್ಲಿ ಹೆತ್ತ ಹೆಣ್ಣುಮಕ್ಕಳ ಶಿಶುಗಳನ್ನು ಅಧಿಕಾರಿಗಳು ಅನ್ಯರಿಗೆ ಕೊಟ್ಟಿದ್ದರು. ಆ ಮೊಮ್ಮಕ್ಕಳನ್ನು ಹುಡುಕುವುದು ಅಜ್ಜಿಯರ ಸಂಕಲ್ಪ.

1983ರ ಡಿಸೆಂಬರಿನಲ್ಲಿ ಪ್ರಜಾಪ್ರಭುತ್ವ ಮರಳಿತು. ಅಧ್ಯಕ್ಷ ಅಲ್ಫಾನ್ಸಿನ್ ಅವರು ಸಾಹಿತಿ ಎರ್ನೆಸ್ಟೊ ಸಾಬಾಟೊ ಅವರ ಮುಂದಾಳುತನದಲ್ಲಿ ಒಂದು ಆಯೋಗವನ್ನು ನೇಮಿಸಿದರು. 1984ರ ಸೆಪ್ಟೆಂಬರಿನಲ್ಲಿ ಅದು 8,961 ಜನ ಕಾಣೆಯಾದುದನ್ನು ವರದಿ ಮಾಡಿತು. ಸಂಖ್ಯೆ 30,000ದ ಸಮೀಪವೆಂದು ಮಾನವಹಕ್ಕುಗಳ ಸಂಘಗಳವರ ಎಣಿಕೆ.

ಈ ನಡುವೆ ಹೆಸರಿಲ್ಲದ ಗೋರಿಗಳನ್ನು ಅಗೆಯಲು ನ್ಯಾಯಾಧೀಶರು ಆಜ್ಞೆ ಮಾಡಿದರು. ಆದರೆ ಅಗೆದುದು ಹೇಗೆ? ಬುಲ್ಡೋಜರ್‌ನಿಂದ! ತಲೆಬುರುಡೆಗಳು ಒಡೆದವು, ಒಬ್ಬರ ಮೂಳೆ ಇನ್ನೊಬ್ಬರದರೊಡನೆ ಬೆರೆಯಿತು. ಸಾಕ್ಷ್ಯವನ್ನು ತೆಗೆಯಹೋಗಿ ಸಾಕ್ಷ್ಯವನ್ನೇ ಕೆಡಿಸಿದಂತಾಯಿತು. ಅಜ್ಜಿಯರು ಅಮೆರಿಕದ ವಿಜ್ಞಾನಿಗಳ ಸಂಘವೊಂದರ ನೆರವನ್ನು ಬೇಡಿದರು. 1984ರ ಜೂನ್‌ನಲ್ಲಿ ಅಲ್ಲಿಂದ ಬಂದ ತಂಡದಲ್ಲಿ ಕ್ಲೈಡ್ ಸ್ನೋ ಎಂಬ ವಿದ್ವಾಂಸರಿದ್ದರು. 1979ರಲ್ಲಿ ಷಿಕಾಗೊ ನಗರದಲ್ಲಿ 273 ಜನರನ್ನು ಬಲಿತೆಗೆದುಕೊಂಡ ವಿಮಾನಾಪಘಾತದಲ್ಲಿ ಮೃತರ ಗುರುತು ಹಿಡಿಯಲು ಶ್ರಮಿಸಿದ ಅನುಭವ ಅವರದು. ಮೊದಲು ಈ ಅಗೆತವನ್ನು ನಿಲ್ಲಿಸಿರಿ ಎಂಬುದೇ ಅವರ ಸಲಹೆ.

ಹಾಗಾದರೆ ಅಗೆಯುವವರಾರು? ಪ್ರಾಕ್ತನ ಶಾಸ್ತ್ರದ ಪ್ರಾಧ್ಯಾಪಕರು ಹಿಂಜರಿದರು. ಸೇನೆ ಮತ್ತೆ ಬಂದರೇನು ಗತಿ ಎಂಬ ಭಯ ಎಲ್ಲರಲ್ಲಿಯೂ ಇತ್ತು. ಆಗ ದುಭಾಷಿಯಾಗಿ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಮಾನವಶಾಸ್ತ್ರ ಓದುತ್ತಿದ್ದ ಗೆಳೆಯರನ್ನು ಕರೆತಂದನು. ಇಪ್ಪತ್ತರ ಆಸುಪಾಸಿನ ಆ ತರುಣ ತರುಣಿಯರಿಗೆ ಭಯವಿರಲಿಲ್ಲವೆಂದಲ್ಲ, ಭಯದೊಡನೆಯೇ ಒಪ್ಪಿಕೊಂಡರು.

ಗುರುವಿನ ಪಾಠಶಾಲೆ ಸ್ಮಶಾನವೇ ಆಯಿತು. ಬುಲ್ಡೋಜರ್ ಹೋಗಿ ಕರಣೆ, ಕುಂಚಗಳು ಬಂದವು. ಮಣ್ಣನ್ನು ಪದರಪದರವಾಗಿ ತೆಗೆದು, ಪ್ರತಿಯೊಂದು ಮೂಳೆಯೂ ಎಲ್ಲಿ ಹೇಗೆ ಬಿದ್ದಿತ್ತೆಂಬುದನ್ನು ಚಿತ್ರಿಸಿಕೊಂಡು, ಮಣ್ಣನ್ನು ಜರಡಿಯಲ್ಲಿ ಸೋಸಿ, ಹಲ್ಲು, ಗುಂಡಿನ ಚೂರು, ಗುಂಡಿಯ ಬಿಲ್ಲೆ ಯಾವುದೂ ತಪ್ಪದಂತೆ ಆಯ್ದುಕೊಂಡರು. ದೊಡ್ಡವರಲ್ಲಿ ಮೂಳೆಗಳು 206. ಸೊಂಟದ ಮೂಳೆ ಹೆಣ್ಣೋ ಗಂಡೋ ಎಂಬುದನ್ನು ತಿಳಿಸುತ್ತದೆ. ಉದ್ದ ಮೂಳೆಗಳ ತುದಿ ಬೆಸೆದುಕೊಂಡಿದೆಯೆ ಎಂಬುದು ವಯಸ್ಸನ್ನು, ತೊಡೆಯ ಮೂಳೆಯ ಉದ್ದ ಆಳಿನ ಎತ್ತರವನ್ನು ಸೂಚಿಸುತ್ತದೆ. ಗುಂಡು ಹೊಕ್ಕ ಕಡೆ ಬುರುಡೆಯ ರಂಧ್ರ ಹೊರಗೆ ಕಿರಿದು, ಒಳಗೆ ಅಗಲ. ಹಿಂದೆ ಮುರಿದು ಕೂಡಿದ ಕೈಮೂಳೆಯ ಗುರುತು ಎಷ್ಟೋ ವೇಳೆ ಉಳಿದಿರುತ್ತದೆ; ಆ ಸಂಗತಿಯನ್ನು ನೆನಪಿಟ್ಟವಳು ತಾಯಿ. ಆದುದರಿಂದ ಅರ್ಧ ಕೆಲಸ ಗುಂಡಿಯಲ್ಲಿ, ಇನ್ನರ್ಧ ತಾಯಂದಿರ ಮನೆಯಲ್ಲಿ. ಹಗಲು ಕೆಲಸ ಮಾಡಿರಿ, ಅಳುವುದಿದ್ದರೆ ರಾತ್ರಿ ಅಳಿರಿ ಎಂದು ಸ್ನೋ ತಮ್ಮ ಶಿಷ್ಯರಿಗೆ ಹೇಳುತ್ತಿದ್ದರಂತೆ.

1985ರ ಏಪ್ರಿಲ್‌ನಲ್ಲಿ ಸೇನಾನಾಯಕರ ವಿಚಾರಣೆ ಆರಂಭವಾಯಿತು. ಸ್ನೋ ನ್ಯಾಯಾಲಯದಲ್ಲಿ ತರುಣಿಯೊಬ್ಬಳ ತಲೆಬುರುಡೆಯ ಚಿತ್ರವನ್ನು ತೆರೆಯ ಮೇಲೆ ತೋರಿಸಿದರು. ಹತ್ತಿರದಿಂದ ಗುಂಡು ಹಾರಿಸಿ ಕೊಂದಿದ್ದರು. ಸೊಂಟದ ಮೂಳೆಯಲ್ಲಿ ಹೆರಿಗೆಯ ಲಕ್ಷಣಗಳಿದ್ದವು. ಈ ಲಕ್ಷಣವೊಂದನ್ನೇ ನೆಚ್ಚಬಾರದೆಂದು ಇಂದಿನ ಶಾಸ್ತ್ರ ಎಚ್ಚರಿಸುತ್ತದೆ; ಆದರೆ ಬದುಕಿ ಬಂದ ಬಂದಿಗಳ ಹೇಳಿಕೆಯೂ ಇದಕ್ಕೆ ಹೊಂದಿಬಂದಿತು. ಆಕೆಯ ಮಗ 2008ರಲ್ಲಿ ದೊರೆತನು. ಆ ಮೊಕದ್ದಮೆಯಲ್ಲಿ ವಿಡೇಲಾ, ಮಸೇರಾ ಎಂಬ ಇಬ್ಬರು ಮುಖ್ಯರಿಗೆ ಜೀವಾವಧಿ ಶಿಕ್ಷೆಯಾಯಿತು.

ಮೂಳೆ ಎಷ್ಟೇ ಹೇಳಿದರೂ ಕೊನೆಯ ಸಂದೇಹವೊಂದು ಉಳಿಯುತ್ತದೆ. ಅದನ್ನು ನೀಗಿದುದು ಡಿ.ಎನ್.ಎ. ಪರೀಕ್ಷೆ. ತಂದೆತಾಯಿ ಇಬ್ಬರೂ ಇಲ್ಲದಿರುವಾಗ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಬಹುದೆ ಎಂಬುದು ಅಜ್ಜಿಯರ ಪ್ರಶ್ನೆಯಾಗಿತ್ತು. 1984ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಮೊದಲು ರಕ್ತದ ಗುಣಗಳ ಲೆಕ್ಕದಿಂದ, ಮುಂದೆ ಮೈಟೋಕಾಂಡ್ರಿಯದ ಡಿ.ಎನ್.ಎ.ಯಿಂದ ಅದಕ್ಕೆ ದಾರಿ ತೋರಿದರು. ಜೀವಕೋಶದ ಈ ಅಂಶ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಆದುದರಿಂದ ತಾಯಿಯ ತಾಯಿಯಲ್ಲಿಯೂ ಮೊಮ್ಮಗುವಿನಲ್ಲಿಯೂ ಅದು ಒಂದೇ. ಗೋತ್ರವನ್ನು ತಂದೆಯ ಕಡೆಯಿಂದ ಎಣಿಸುವ ನಮಗೆ ಇದು ವಿಸ್ಮಯವಾಗಿ ತೋರೀತು. 1987ರಲ್ಲಿ ಅರ್ಜೆಂಟೀನಾ ಕಾನೂನು ಮಾಡಿ ಈ ಕುಟುಂಬಗಳ ವಂಶವಾಹಿ ವಿವರಗಳಿಗೆ ರಾಷ್ಟ್ರೀಯ ಭಂಡಾರವನ್ನು ತೆರೆಯಿತು. ಈವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳು ಪತ್ತೆಯಾಗಿದ್ದಾರೆ. ಮಣ್ಣಿನಲ್ಲಿ ಸಿಕ್ಕಿದ ಹಲ್ಲು, ತೊಡೆಮೂಳೆಗಳಿಂದಲೂ ಡಿ.ಎನ್.ಎ. ತೆಗೆದು ಬಂಧುಗಳದರೊಡನೆ ಹೋಲಿಸುವ ಕ್ರಮ ಬಳಕೆಗೆ ಬಂದಿತು.

ಆದರೆ ಎಲ್ಲ ತಾಯಂದಿರೂ ಈ ಅಗೆತವನ್ನು ಸ್ವಾಗತಿಸಲಿಲ್ಲ. ಕೊಂದವರು ಯಾರೆಂದು ಹೇಳದೆ ಮೂಳೆಯನ್ನು ಮಾತ್ರ ಕೊಟ್ಟರೆ ಅದನ್ನು ಸ್ವೀಕರಿಸುವುದು ಸೋಲನ್ನೊಪ್ಪಿದಂತೆ ಎಂದು ಕೆಲವರು ವಾದಿಸಿದರು. 1986ರಲ್ಲಿ ತಾಯಂದಿರ ಸಂಘ ಎರಡಾಯಿತು. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಏಕೆಂದರೆ 1986, 1987ರ ಕಾನೂನುಗಳು ಹೊಸ ಮೊಕದ್ದಮೆಗಳಿಗೆ ತಡೆಹಾಕಿದವು, ಮುಂದೆ ಶಿಕ್ಷಿತ ನಾಯಕರಿಗೂ ಕ್ಷಮಾದಾನ ದೊರೆಯಿತು. ಕೇಳುವ ನ್ಯಾಯಾಲಯವಿಲ್ಲದ ಆ ವರ್ಷಗಳಲ್ಲಿಯೂ ಸ್ನೋ ಅವರ ಶಿಷ್ಯರು ಕೈಬಿಡಲಿಲ್ಲ. ಅವೆಲ್ಲನೇಡಾ ಸ್ಮಶಾನವೊಂದರಲ್ಲಿಯೇ 300ಕ್ಕೂ ಹೆಚ್ಚು ಜನರ ಅವಶೇಷಗಳನ್ನು ತೆಗೆದು, ಗುರುತು ಹಾಕಿ ಕಾಪಾಡಿದರು.

ಆ ತಾಳ್ಮೆಗೆ ಫಲ 2005ರಲ್ಲಿ ಬಂದಿತು. ಆ ವರ್ಷ ಸರ್ವೋಚ್ಚ ನ್ಯಾಯಾಲಯ ತಡೆಯ ಕಾನೂನುಗಳನ್ನು ಅಸಿಂಧುಗೊಳಿಸಿತು. ಅದೇ ವರ್ಷ ಕಡಲತೀರದ ಊರೊಂದರ ಸ್ಮಶಾನದಲ್ಲಿ ಹೂತಿದ್ದ ದೇಹಗಳಲ್ಲಿ ಒಂದು, ತಾಯಂದಿರ ಚಳವಳಿಯನ್ನು ಆರಂಭಿಸಿ 1977ರ ಡಿಸೆಂಬರಿನಲ್ಲಿ ತಾವೇ ಕಾಣೆಯಾದ ಅಸುಸೆನಾ ವಿಲ್ಲಾಫ್ಲೋರ್ ಅವರದೆಂದು ಡಿ.ಎನ್.ಎ. ತಿಳಿಸಿತು. ಮೂಳೆಗಳು ಮುರಿದ ರೀತಿ ಬಹಳ ಎತ್ತರದಿಂದ ಬಿದ್ದುದನ್ನು ತೋರಿಸುತ್ತಿತ್ತು. ವಿಮಾನದ ಕಥೆ ಕಟ್ಟುಕಥೆಯಲ್ಲವೆಂಬುದಕ್ಕೆ ಅದು ಸಾಕ್ಷಿಯಾಯಿತು. 2017ರ ನವೆಂಬರ್‌ನಲ್ಲಿ ಅಂಥ ವಿಮಾನ ನಡೆಸಿದ ಪೈಲಟ್‌ಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಅಸುಸೆನಾ ಅವರ ಚಿತಾಭಸ್ಮವನ್ನು ಅವರು ನಡೆದ ಮೇ ಚೌಕದಲ್ಲಿಯೇ ಹೂಳಿದರು.

ಸ್ನೋ 2014ರಲ್ಲಿ ತೀರಿಕೊಂಡರು. ಆ ವೇಳೆಗೆ ಅವರ ಶಿಷ್ಯರೇ ಗುರುಗಳಾಗಿ ಚಿಲಿ, ಪೆರು, ಗ್ವಾಟೆಮಾಲಗಳ ತರುಣರಿಗೆ ಈ ವಿದ್ಯೆಯನ್ನು ಕಲಿಸಿದ್ದರು. 1992ರಲ್ಲಿ ಎಲ್ ಸಾಲ್ವಡಾರ್ ದೇಶದ ಎಲ್ ಮೊಸೋಟೆ ಹಳ್ಳಿಯಲ್ಲಿ ಸೈನಿಕರು ಕೊಂದ ಮಕ್ಕಳ ಮೂಳೆಗಳನ್ನು ಹೊರತೆಗೆದು ಲೋಕಕ್ಕೆ ತೋರಿಸಿದ್ದರು. ವಿದ್ವತ್ತಿಗಿಂತ ಮೊದಲು ಧೈರ್ಯವಿದ್ದವರಿಗೆ ವಿದ್ಯೆ ಹೇಳಿಕೊಟ್ಟುದು ಆ ಗುರುವಿನ ದೊಡ್ಡತನ. ಅರ್ಜೆಂಟೀನಾದಲ್ಲಿ ನೂರಾರು ಅಸ್ಥಿಪಂಜರಗಳು ಹೆಸರಿಗಾಗಿ ಇನ್ನೂ ಕಾದಿವೆ. ಹೋಲಿಸಿ ನೋಡಲು ಬೇಕಾದ ರಕ್ತವನ್ನು ಕೊಡಬಲ್ಲ ತಾಯಂದಿರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.