ಒಡೆಯ ಮೌನವಾದರೂ ಉಳಿದ ತಂತ್ರಾಂಶ

ಬರಹಗಾರನಿಗೂ ಓದುಗನಿಗೂ ನಡುವೆ ಸಂಪಾದಕ, ಮುದ್ರಣಾಲಯ, ಅಂಚೆ ಇವೆಲ್ಲವೂ ಇದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಂದು ಒಂದು ಗುಂಡಿಯನ್ನೊತ್ತಿದರೆ ಲೇಖನ ಪ್ರಕಟವಾಗುತ್ತದೆ. ಆ ಗುಂಡಿಯ ಹಿಂದಿರುವ ತಂತ್ರಾಂಶ ಹೇಗೆ ಬೆಳೆಯಿತು, ಅದರ ಮೇಲೆ ಹಕ್ಕು ಯಾರದು ಎಂದು ನಾವು ವಿಚಾರಿಸುವುದು ವಿರಳ.

1990ರ ದಶಕದಲ್ಲಿ ಜಾಲತಾಣದಲ್ಲಿ ಬರೆಯಬಯಸುವವರು ಎಚ್‌ಟಿಎಂಎಲ್ ಕಲಿತು, ಪ್ರತಿಯೊಂದು ಪುಟವನ್ನೂ ಕೈಯಾರೆ ಸಿದ್ಧಪಡಿಸಿ ಸರ್ವರ್‌ಗೆ ಕಳುಹಿಸಬೇಕಾಗಿತ್ತು. 1999ರ ಆಗಸ್ಟ್‌ನಲ್ಲಿ ಅಮೆರಿಕದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಸಂಸ್ಥೆ ‘ಬ್ಲಾಗರ್’ ಅನ್ನು ಹೊರತಂದು ಈ ಶ್ರಮವನ್ನು ಇಳಿಸಿತು. ಆದರೆ 2001ರ ಆರಂಭದಲ್ಲಿ ಸಂಸ್ಥೆಯ ಹಣ ಬರಿದಾಯಿತು. ಸಿಬ್ಬಂದಿ ತೊರೆದರು, ಇವಾನ್ ವಿಲಿಯಮ್ಸ್ ಒಬ್ಬರೇ ಅದನ್ನು ಮುನ್ನಡೆಸಿದರು. 2003ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಖರೀದಿಸಿತು. ಅಷ್ಟೊಂದು ಜನರ ಬರವಣಿಗೆಯ ಸಾಧನ ಎರಡು ವರ್ಷ ಕಾಲ ಹೆಚ್ಚುಕಡಿಮೆ ಒಬ್ಬನ ಛಲದ ಮೇಲೆ ನಿಂತಿತ್ತು.

ಇದೇ ಅವಧಿಯಲ್ಲಿ, 2001ರಲ್ಲಿ, ಫ್ರಾನ್ಸಿನ ಮಿಶೆಲ್ ವಾಲ್ದ್ರಿಗಿ ‘ಬಿ2’ ಎಂಬ ತಂತ್ರಾಂಶವನ್ನು ರಚಿಸಿದರು. ಅವರು ಅದನ್ನು ಜಿಪಿಎಲ್ ಪರವಾನಗಿಯಡಿ ನೀಡಿದ್ದರು. ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ಮುಂದಿನವರಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕು ಎಂಬುದು ಆ ಪರವಾನಗಿಯ ಸಾರ. ಕೆಲಕಾಲದ ಬಳಿಕ ವಾಲ್ದ್ರಿಗಿಯವರ ಸುದ್ದಿಯೇ ನಿಂತುಹೋಯಿತು. 2003ರ ಜನವರಿಯಲ್ಲಿ ಹತ್ತೊಂಬತ್ತರ ಹರೆಯದ ಮ್ಯಾಟ್ ಮಲೆನ್‌ವೆಗ್, ಇದನ್ನು ನಾವೇ ಮುಂದುವರಿಸಬಾರದೇಕೆ ಎಂದು ಬರೆದರು. ಇಂಗ್ಲೆಂಡಿನ ಮೈಕ್ ಲಿಟಲ್ ಕೈಜೋಡಿಸಿದರು. 2003ರ ಮೇ 27ರಂದು ‘ವರ್ಡ್‌ಪ್ರೆಸ್’ ಹೊರಬಂತು. ಮುಂದೆ ವಾಲ್ದ್ರಿಗಿಯವರೂ ಅದನ್ನೇ ತಮ್ಮ ತಂತ್ರಾಂಶದ ಉತ್ತರಾಧಿಕಾರಿಯೆಂದು ಒಪ್ಪಿಕೊಂಡರು. ತೋಡಿದವನು ಊರು ಬಿಟ್ಟರೂ ಬಾವಿಯ ನೀರು ಊರಿನವರಿಗೆ ಉಳಿದಂತಾಯಿತು.

ಮರುವರ್ಷ ಇದಕ್ಕೆ ವ್ಯತಿರಿಕ್ತವಾದ ಘಟನೆಯೊಂದು ನಡೆಯಿತು. ಅಂದು ಬಹು ಜನಪ್ರಿಯವಾಗಿದ್ದ ‘ಮೂವಬಲ್ ಟೈಪ್’ 2004ರ ಮೇ ತಿಂಗಳಲ್ಲಿ ಪರವಾನಗಿಯ ನಿಯಮಗಳನ್ನು ಬದಲಿಸಿ, ಉಚಿತ ಬಳಕೆಗೆ ಒಬ್ಬ ಲೇಖಕ, ಮೂರು ಬ್ಲಾಗ್‌ಗಳೆಂಬ ಮಿತಿ ಹಾಕಿತು. ತನ್ನ ದುಡಿಮೆಗೆ ಬೆಲೆ ಕೇಳುವುದು ನಿರ್ಮಾಪಕರ ಹಕ್ಕೇ ಹೌದು. ಆದರೆ ನಿಯಮ ಇನ್ನೊಬ್ಬರ ಕೈಯಲ್ಲಿದೆ ಎಂಬ ಅರಿವು ಬಳಕೆದಾರರನ್ನು ಕಲಕಿತು. ಅನೇಕರು ವರ್ಡ್‌ಪ್ರೆಸ್‌ಗೆ ವಲಸೆ ಹೋದರು. ಅದೇ ತಿಂಗಳು ವರ್ಡ್‌ಪ್ರೆಸ್ ‘ಪ್ಲಗಿನ್’ ಸೌಲಭ್ಯವನ್ನು, 2005ರಲ್ಲಿ ‘ಥೀಮ್’ಗಳನ್ನು ಒದಗಿಸಿತು. ಮೂಲ ತಂತ್ರಾಂಶವನ್ನು ಮುಟ್ಟದೆಯೇ ಹೊಸ ಸೌಕರ್ಯ ಸೇರಿಸಲು, ರೂಪ ಬದಲಿಸಲು ಇದರಿಂದ ಸಾಧ್ಯವಾಯಿತು. ದಿನಚರಿ ಬರೆಯಲೆಂದು ಹುಟ್ಟಿದ ಸಾಧನವನ್ನು ಶಾಲೆ, ಅಂಗಡಿ, ಪತ್ರಿಕೆಗಳೂ ಬಳಸತೊಡಗಿದವು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಅದರ ಮೇಲೆ ನಡೆಯುತ್ತಿವೆ.

ಕನ್ನಡಿಗರಿಗೆ ತಂತ್ರಾಂಶವಷ್ಟೇ ಸಾಲದಾಗಿತ್ತು. ಹಳೆಯ ಫಾಂಟ್‌ಗಳಲ್ಲಿ ಬರೆದ ಕನ್ನಡ, ಅದೇ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಯುನಿಕೋಡ್ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಖ್ಯೆಯನ್ನು ಗೊತ್ತುಪಡಿಸಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನು ಜೊತೆಗೇ ತಂದಿತು. ಆ ಬಳಿಕ ಮಂಗಳೂರಿನಲ್ಲಿ ಬರೆದದ್ದನ್ನು ದುಬೈಯಲ್ಲಿರುವ ಮಗ ಓದಲು ತೊಡಕಿಲ್ಲದಾಯಿತು. ಸಾಮಾನ್ಯ ಅಕ್ಷರ ಸಂಕೇತ ಮತ್ತು ಮುಕ್ತ ತಂತ್ರಾಂಶ, ಇವೆರಡೂ ಸೇರಿದಾಗಲೇ ಕನ್ನಡದ ಮನೆಗಳಿಗೆ ಈ ಬಾಗಿಲು ಸಲೀಸಾಗಿ ತೆರೆಯಿತು.

ಈ ಇತಿಹಾಸ ನಮಗೊಂದು ಹೊಣೆಯನ್ನೂ ನೆನಪಿಸುತ್ತದೆ. 2009ರ ಅಕ್ಟೋಬರ್‌ನಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಸೇವೆಯನ್ನು ಮುಚ್ಚಿದಾಗ, ಆಸಕ್ತರು ನಕಲಿಸಿಟ್ಟವುಗಳನ್ನು ಬಿಟ್ಟು ಉಳಿದ ಪುಟಗಳು ಅಳಿದುಹೋದವು. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ನಮ್ಮ ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ವ್ಯವಸ್ಥೆಯಿದೆ. ಅಜ್ಜನ ನೆನಪುಗಳನ್ನೋ ಊರಿನ ಚರಿತ್ರೆಯನ್ನೋ ಬರೆದಿಡುವ ನಾವು ಅದರ ಪ್ರತಿಯೊಂದನ್ನು ಮನೆಯಲ್ಲೂ ಕಾಪಾಡಿಕೊಳ್ಳೋಣ. ಸಂಸ್ಥೆಗಳು ಬರುತ್ತವೆ, ಹೋಗುತ್ತವೆ. ಬರೆದದ್ದು ಮುಂದಿನ ಪೀಳಿಗೆಯ ಕೈಸೇರಬೇಕಾದರೆ ಜೋಪಾನ ಮಾಡಬೇಕಾದವರು ನಾವೇ.