ಸೂತಕವಿಲ್ಲದ ದುಃಖ

ಓದುವ ವಯಸ್ಸಿನಲ್ಲಿ ಗೆಳೆಯನನ್ನೋ ಗೆಳತಿಯನ್ನೋ ಕಳೆದುಕೊಂಡವರಿಗೆ ನಮ್ಮಲ್ಲಿ ಸೂತಕವಿಲ್ಲ. ಸಾಂತ್ವನ ಹೇಳಲು ಬಂದವರು ಹೆತ್ತವರ ಬಳಿಗೆ ಹೋಗುತ್ತಾರೆ, ಅದು ನ್ಯಾಯವೇ. ಆದರೆ ದಿನವೂ ಒಂದೇ ಬೆಂಚಿನಲ್ಲಿ ಕೂತವರನ್ನು ಯಾರೂ ವಿಚಾರಿಸುವುದಿಲ್ಲ. ಶೋಕದ ಅಧ್ಯಯನವೂ ಬಹುಕಾಲ ಹೀಗೇ ನಡೆಯಿತು. ಅದರ ನೂರು ವರ್ಷಗಳ ಹಾದಿಯನ್ನು ನೋಡಿದರೆ, ದುಃಖವನ್ನು ನೆಂಟಸ್ತಿಕೆಯಿಂದ ಅಳೆಯುವುದನ್ನು ಬಿಟ್ಟು ಒಡನಾಟದಿಂದ ಅಳೆಯಬೇಕೆಂಬುದು ಮನವರಿಕೆಯಾಗುತ್ತದೆ.

1917ರಲ್ಲಿ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ಶೋಕವನ್ನು, ಸತ್ತವರಿಂದ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವ ಕೆಲಸವೆಂದು ಕಂಡ. 1942ರಲ್ಲಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ ಬೆಂಕಿಗೆ ಆಹುತಿಯಾದ ಮೇಲೆ, ಮನೋವೈದ್ಯ ಎರಿಕ್ ಲಿಂಡೆಮನ್ ನೊಂದವರನ್ನು ಮಾತನಾಡಿಸಿ 1944ರಲ್ಲಿ ಶೋಕದ ಲಕ್ಷಣಗಳನ್ನು ದಾಖಲಿಸಿದ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ, ಸಾವನ್ನು ಎದುರಿಸುವ ಐದು ಹಂತಗಳು ಸಾವಿನ ಅಂಚಿನಲ್ಲಿದ್ದ ರೋಗಿಗಳ ಮಾತಿನಿಂದ ಹುಟ್ಟಿದವು. ಉಳಿದವರ ದುಃಖಕ್ಕೆ ಅವನ್ನು ಅನ್ವಯಿಸಿದ್ದು ಆಮೇಲೆ. ಸಮಾಜ ಮಾನ್ಯ ಮಾಡದ ದುಃಖವೂ ಇದೆಯೆಂದು 1989ರಲ್ಲಿ ಕೆನೆತ್ ಡೋಕಾ ವಾದಿಸಿದಾಗ ಸ್ನೇಹಿತರ ಶೋಕಕ್ಕೂ ಜಾಗ ಸಿಕ್ಕಿತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು, ಸತ್ತವರೊಂದಿಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜವೆಂದರು. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್, ಶೋಕಿಸುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ತೂಗಾಡುತ್ತಾರೆಂದು ಪ್ರತಿಪಾದಿಸಿದರು. ಇಂದು ಕ್ರಿಕೆಟ್ ಆಡಿ ನಾಳೆ ಬಾಗಿಲು ಹಾಕಿಕೊಳ್ಳುವ ಹುಡುಗನಿಗೆ ದುಃಖವೇ ಇಲ್ಲವೆಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಎಳೆಯರು ಬೇಗ ಚೇತರಿಸಿಕೊಳ್ಳುತ್ತಾರೆ, ಇಷ್ಟೆಲ್ಲ ಕಾಳಜಿ ಏಕೆ ಎಂಬ ಪ್ರಶ್ನೆ ಏಳುತ್ತದೆ. ಬಹುಪಾಲು ಜನ ಚಿಕಿತ್ಸೆಯಿಲ್ಲದೆಯೇ ಸುಧಾರಿಸಿಕೊಳ್ಳುತ್ತಾರೆಂದು ಜಾರ್ಜ್ ಬೊನಾನೊ ಅವರ ಸಂಶೋಧನೆಯೂ ಹೇಳುತ್ತದೆ. ಆದರೆ 1990ರ ದಶಕದಲ್ಲಿ ಅಮೆರಿಕದ ಡೇವಿಡ್ ಬ್ರೆಂಟ್ ತಂಡ, ಆತ್ಮಹತ್ಯೆಯಿಂದ ಗೆಳೆಯರನ್ನು ಕಳೆದುಕೊಂಡ ಹದಿಹರೆಯದವರಲ್ಲಿ ಖಿನ್ನತೆ ಹೆಚ್ಚಿದ್ದನ್ನು ಕಂಡಿತು. 26,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ, ಆಪ್ತ ಸ್ನೇಹಿತರ ಸಾವಿನ ಪೆಟ್ಟು ನಾಲ್ಕು ವರ್ಷಗಳವರೆಗೂ ಕಾಣಿಸಿತು; ಜನರೊಂದಿಗೆ ಬೆರೆಯುವುದು ಕಡಿಮೆಯಿದ್ದವರು ಹೆಚ್ಚು ಬಳಲಿದರು. ಅಂದರೆ ಚೇತರಿಕೆಗೂ ಆಸರೆ ಬೇಕು.

ದುಃಖವನ್ನೆಲ್ಲ ಕಾಯಿಲೆ ಮಾಡಿಬಿಡುತ್ತೀರೆಂಬ ಆಕ್ಷೇಪದಲ್ಲೂ ಹುರುಳಿದೆ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ದೀರ್ಘಕಾಲದ ಶೋಕವನ್ನು ಒಂದು ತೊಂದರೆಯೆಂದು ಸೇರಿಸಿತು. ಆದರೆ ವಯಸ್ಕರಲ್ಲಿ ಒಂದು ವರ್ಷ, ಮಕ್ಕಳಲ್ಲಿ ಆರು ತಿಂಗಳು ಕಳೆಯುವ ಮುನ್ನ ಹಾಗೆ ಗುರುತಿಸುವಂತಿಲ್ಲ. ಆಘಾತವಾದೊಡನೆ ಎಲ್ಲರನ್ನೂ ಕೂರಿಸಿ ಒಂದೇ ಸಲ ಮಾತಾಡಿಸುವ ಪದ್ಧತಿಯಿಂದ ಲಾಭವಿಲ್ಲವೆಂದೂ ಪರಿಶೀಲನೆಗಳು ಹೇಳಿವೆ. ಹಾಗಾಗಿ ಸ್ನೇಹಿತರ ಶೋಕಕ್ಕೆ ಮಾನ್ಯತೆಯೆಂದರೆ ಬಲವಂತದ ಕೌನ್ಸೆಲಿಂಗ್ ಆಗಬೇಕಿಲ್ಲ. ಇನ್ನು ಆತ್ಮಹತ್ಯೆಯ ಸುದ್ದಿ ಎತ್ತಿದರೆ ಇತರರೂ ಅದೇ ದಾರಿ ಹಿಡಿದಾರೆಂಬ ಭಯಕ್ಕೆ ಮೌನ ಉತ್ತರವಲ್ಲ, ಅದು ಗಾಳಿಮಾತಿಗೆ ಎಡೆಮಾಡುತ್ತದೆ. ವಿಧಾನವನ್ನು ವರ್ಣಿಸದೆ, ಸಾವನ್ನು ವೈಭವೀಕರಿಸದೆ, ನಿಜವನ್ನಷ್ಟೇ ಹೇಳಿ ಆಪ್ತರ ಮೇಲೆ ನಿಗಾ ಇಡುವುದೇ ಸರಿ.

ಭಾರತದಲ್ಲಿ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಒಬ್ಬೊಬ್ಬರ ಹಿಂದೆಯೂ ಸಹಪಾಠಿಗಳಿದ್ದಾರೆ. ಅದೇ ವರ್ಷ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಕರೆ ಮಾಡಿದರೆ ಕನ್ನಡದಲ್ಲೂ ನೆರವು ಸಿಗುತ್ತದೆ. ಆದರೆ ಮೊದಲ ಆಸರೆ ಕಾಲೇಜಿನೊಳಗೇ ಸಿಗಬೇಕು. ಅಂತ್ಯಕ್ರಿಯೆಗೆ ಹೋಗಲು ಸ್ನೇಹಿತರಿಗೂ ರಜೆ, ಪರೀಕ್ಷೆಯಲ್ಲಿ ಸಡಿಲಿಕೆ, ಆರು ತಿಂಗಳ ಮೇಲೂ ಹೇಗಿದ್ದೀಯ ಎಂದು ಕೇಳುವ ಒಬ್ಬ ಮೇಷ್ಟ್ರು: ಇವಕ್ಕೆ ದೊಡ್ಡ ಖರ್ಚಿಲ್ಲ. ಸ್ನೇಹಿತರೂ ಶೋಕಿಸುವ ಹಕ್ಕುಳ್ಳವರೆಂದು ಆಡಳಿತ ಮಂಡಳಿಗಳು ಲಿಖಿತ ನಿಯಮದಲ್ಲೇ ಒಪ್ಪಬೇಕು.