ತಟ್ಟೆಯಲ್ಲಿ ಇತಿಹಾಸ, ಕಂತು 7: ಪಟ್ಟಾಭಿಷೇಕದ ಕೋಳಿ ಯಾರದ್ದು?

ಸಲಾಡ್ ಅಂದ್ರೆ ನಾಲ್ಕು ಚೂರು ಸೌತೆಕಾಯಿ, ಮೇಲೆ ನಿಂಬೆರಸ ಅಂದ್ಕೊಂಡಿದ್ದೀರಾ? ಹಾಗಾದ್ರೆ ಇದನ್ನ ಓದಿ. ಇದರಲ್ಲಿ ಕೋಳಿ ಇದೆ, ಹಣ್ಣಿದೆ, ಬಾದಾಮಿ ಇದೆ. ಇದೇ ಒಂದು ಪೂರ್ತಿ ಊಟ. ಹೆಸರು ಕೊರೊನೇಶನ್ ಚಿಕನ್.

1953ರ ಜೂನ್ 2, ಲಂಡನ್. ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ವೆಸ್ಟ್‌ಮಿನ್‌ಸ್ಟರ್ ಸ್ಕೂಲಿನ ಹಾಲ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಅತಿಥಿಗಳಿಗೆ ಊಟ. ಅಲ್ಲಿನ ಅಡುಗೆಮನೆಯಲ್ಲಿ ಅಷ್ಟು ಜನಕ್ಕೆ ಬಿಸಿಬಿಸಿ ಬಡಿಸೋಕೆ ಆಗಲ್ಲ. ಹಾಗಾಗಿ ಮೊದಲೇ ಮಾಡಿಟ್ಟು ತಣ್ಣಗೆ ಬಡಿಸೋ ಅಡುಗೆ ಬೇಕಿತ್ತು. ಯುದ್ಧ ಮುಗಿದು ಎಂಟು ವರ್ಷ ಆಗಿದ್ರೂ ಬ್ರಿಟನ್‌ನಲ್ಲಿ ಮಾಂಸಕ್ಕೆ ಇನ್ನೂ ರೇಷನ್. ಅದು ಪೂರ್ತಿ ಹೋಗಿದ್ದು 1954ರ ಜುಲೈನಲ್ಲಿ.

ಮಾಡೋದು ಹೀಗೆ. ಕೋಳಿ ಬೇಯಿಸಿ, ಆರಿಸಿ, ಮೂಳೆ ಬಿಡಿಸಿ. ಈರುಳ್ಳಿ ಬಾಡಿಸಿ, ಕರಿ ಪೌಡರ್, ಟೊಮೆಟೊ, ಸ್ವಲ್ಪ ಕೆಂಪು ವೈನ್, ನಿಂಬೆರಸ ಹಾಕಿ ಕುದಿಸಿ, ಸೋಸಿ. ಅದು ತಣ್ಣಗಾದ ಮೇಲೆ ಮಯೋನೀಸ್, ಏಪ್ರಿಕಾಟ್ ಹಣ್ಣಿನ ತಿರುಳು, ಕ್ರೀಮ್ ಬೆರೆಸಿ ಕೋಳಿಗೆ ಕಲಸಿ. ಪಕ್ಕಕ್ಕೆ ಅನ್ನದ ಸಲಾಡ್. ಒಣದ್ರಾಕ್ಷಿ, ಬಾದಾಮಿ ಸೇರಿಕೊಂಡಿದ್ದು ಆಮೇಲೆ.

ಈಗ ಮುಖ್ಯ ವಿಷಯ. ಈ ರೆಸಿಪಿಯ ಹಿಂದಿದ್ದ ಕೈ ರೋಸ್‌ಮೇರಿ ಹ್ಯೂಮ್ ಅವರದ್ದು. ಬೇಯಿಸಿದ್ದು ಅವರ ಅಡುಗೆ ಶಾಲೆಯ ವಿದ್ಯಾರ್ಥಿಗಳು, ನಮ್ಮ ನಿಮ್ಮ ಥರದವರೇ. ಆದ್ರೆ 1956ರಲ್ಲಿ ಇದು ಅಚ್ಚಾದ ಪುಸ್ತಕದ ಶೀರ್ಷಿಕೆಯಲ್ಲಿ ಇದ್ದದ್ದು ಕಾನ್‌ಸ್ಟನ್ಸ್ ಸ್ಪ್ರೈ ಹೆಸರು ಮಾತ್ರ. ಅವರು ಹೂವಿನ ಅಲಂಕಾರಕ್ಕೆ ಹೆಸರಾದವರು. ಜನ ನೆನಪಿಟ್ಕೊಂಡಿದ್ದೂ ಅವರನ್ನೇ.

ಇನ್ನೊಂದು ಹೆಸರೂ ಹೀಗೇ ಮರೆಯಾಯ್ತು. ನಮ್ಮ ಮನೆಗಳಲ್ಲಿ ಸಾರಿನ ಪುಡಿ ಬೇರೆ, ಹುಳಿಪುಡಿ ಬೇರೆ, ಕೋಳಿಸಾರಿನ ಮಸಾಲೆ ಬೇರೆ. ಬ್ರಿಟಿಷರು ಇಂಥದ್ದನ್ನೆಲ್ಲ ಒಂದೇ ಡಬ್ಬಿಗೆ ತುಂಬಿ ‘ಕರಿ ಪೌಡರ್’ ಅಂದ್ರು. 18ನೇ ಶತಮಾನದ ಕೊನೆಗೇ ಅದು ಲಂಡನ್‌ನಲ್ಲಿ ಮಾರಾಟಕ್ಕಿತ್ತು. ಪಟ್ಟಾಭಿಷೇಕದ ಊಟದಲ್ಲಿ ಅದನ್ನ ಎಷ್ಟು ಮೆಲ್ಲಗೆ ಹಾಕಿದ್ರು ಅಂದ್ರೆ, ಹೆಚ್ಚಿನ ಅತಿಥಿಗಳಿಗೆ ಗೊತ್ತೇ ಆಗಿರಲಿಕ್ಕಿಲ್ಲ ಅಂತ ಸ್ಪ್ರೈ ತಾವೇ ಬರೆದಿದ್ದಾರೆ. ಅಂದ್ರೆ ಮಸಾಲೆ ಬೇಕು, ಆದ್ರೆ ಅದರ ಘಮ ಜೋರಾಗಬಾರದು!

ರಾಣಿಯ ಹೆಸರಿನ ಊಟದಲ್ಲಿ ವಿದ್ಯಾರ್ಥಿಗಳ ದುಡಿಮೆ ಇದೆ, ದೂರದ ಅಡುಗೆಮನೆಗಳ ರುಚಿಯೂ ಇದೆ. ಮುಂದಿನ ಸಲ ಯಾವುದೇ ಪದಾರ್ಥದ ಹೆಸರು ಕೇಳಿದಾಗ, ಅದನ್ನ ಮಾಡಿದ ಕೈ ಯಾರದ್ದು ಅಂತಲೂ ಒಮ್ಮೆ ಕೇಳಿ.

ನಿಮ್ಮ ಮನೆಯ ಮಸಾಲೆ ಪುಡಿ ಯಾರ ಕೈಯದ್ದು? ಕಾಮೆಂಟ್‌ನಲ್ಲಿ ಅವರ ಹೆಸರು ಹಾಕಿ 👇

#ತಟ್ಟೆಯಲ್ಲಿಇತಿಹಾಸ